ಕುಂಬಳಕಾಯಿಯ ಪಾಠ

ನಮ್ಮ ಮನೆಯಲ್ಲಿ ಸಂಜೆ ಟಿವಿಯಲ್ಲಿ ಕಂಡದ್ದು ರಾತ್ರಿ ತಟ್ಟೆಗೆ ಬರುತ್ತಿತ್ತು. ಹೀಗೆಂದರೆ ನನ್ನ ಮಗ ನಂಬುವುದಿಲ್ಲ. ಅವನಿಗೆ ಟಿವಿ ಎಂದರೆ ಅಂಗೈಯಲ್ಲಿ ಹಿಡಿದು ನೋಡುವ ವಸ್ತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಉತ್ತರ ಬಿಸಾಕಿ ಮತ್ತೆ ಅದರೊಳಗೆ ಮುಖ ಹುದುಗಿಸುತ್ತಾನೆ. ಆದರೆ ನಡೆದದ್ದು ಹಾಗೆಯೇ. ಅಮ್ಮ ಟಿವಿಯಲ್ಲಿ ಇಡ್ಲಿ ತಟ್ಟೆ ಹಿಡಿದು ನಾಲ್ಕರ ಮಗ್ಗಿ ಕಲಿಸಿದ ದಿನ ರಾತ್ರಿ ಇಡ್ಲಿ. ಬಾಳೆಹಣ್ಣಿನ ಗೊನೆ ತೋರಿಸಿ ಡಜನ್ ಎಂದರೇನೆಂದು ಹೇಳಿಕೊಟ್ಟ ದಿನ ರಸಾಯನ. ತೂಕದ ಪಾಠ ವಾರವೆಲ್ಲ ಎಳೆದಾಗ ನಾವು ವಾರವೆಲ್ಲ ಬೆಂಡೆಕಾಯಿ ತಿಂದೆವು, ಏಕೆಂದರೆ ತಕ್ಕಡಿಗೆ ಹಾಕಲು ಅಮ್ಮ ಆರಿಸಿಕೊಂಡದ್ದು ಬೆಂಡೆಕಾಯಿ. ಅಪ್ಪ ಕಾರ್ಖಾನೆಯಿಂದ ಬಂದು ಶೂ ಬಿಚ್ಚುತ್ತಾ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಇವತ್ತು ಏನು ಲೆಕ್ಕ?"

ನಾವಿದ್ದದ್ದು ನೈರೋಬಿಯ ಎಂಬಕಸಿಯ ಒಂದು ಫ್ಲ್ಯಾಟಿನಲ್ಲಿ, ಮೇಲಿನ ಮಹಡಿ. ಅಪ್ಪ ನಮ್ಮ ದೇಶದವರೇ ನಡೆಸುತ್ತಿದ್ದ ಸಾಬೂನು ಕಾರ್ಖಾನೆಯಲ್ಲಿ ಯಂತ್ರಗಳ ಮೇಲ್ವಿಚಾರಣೆಯ ಇಂಜಿನಿಯರ್. ಮಾಲೀಕರು ರುಂಡಾದಲ್ಲಿ ಗೇಟು, ಕಾವಲುಗಾರರು, ಹುಲ್ಲುಹಾಸು ಎಲ್ಲ ಇರುವ ಮನೆಯಲ್ಲಿದ್ದರು. ನಾವು ವಿಮಾನ ನಿಲ್ದಾಣದ ಮಗ್ಗುಲಲ್ಲಿ. ವಿಮಾನಗಳು ನಮ್ಮ ತಾರಸಿಯ ಮೇಲೆ ಒಣಹಾಕಿದ ಬಟ್ಟೆ ಮುಟ್ಟಿಕೊಂಡೇ ಹೋಗುತ್ತವೆ ಎಂದು ಅಜ್ಜಿ ತುಮಕೂರಿಗೆ ಫೋನು ಮಾಡಿದಾಗಲೆಲ್ಲ ಹೇಳುತ್ತಿದ್ದಳು. ಅಜ್ಜಿ ಎಂದರೆ ಅಪ್ಪನ ತಾಯಿ. ಅವಳ ಮಂಚ ಹಾಲಿನಲ್ಲಿತ್ತು, ಟಿವಿಗೆ ಎದುರಾಗಿ. ಮಂಚದ ಕೆಳಗೆ ಅವಳ ಟ್ರಂಕು, ಟ್ರಂಕಿನ ಮೇಲೆ ನನ್ನ ಶಾಲೆಯ ಚೀಲ, ಚೀಲದ ಮೇಲೆ ಅವಳ ಕಾಲು. ಬಾಲ್ಕನಿಯಲ್ಲಿ ಒಂದು ಕರಿಬೇವಿನ ಕುಂಡ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಈ ಇಕ್ಕಟ್ಟಿನಲ್ಲಿ ಅಮ್ಮ ಮತ್ತು ಅಜ್ಜಿ ಒಬ್ಬರಿಗೊಬ್ಬರು ತಾಗದಂತೆ ಓಡಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಜಗಳವಿರಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತೇನೋ ಎಂದು ನನಗೆ ಆಮೇಲೆ ಅನ್ನಿಸಿದೆ.

ಅಮ್ಮ ಊರಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳುತ್ತಿದ್ದವಳು. ಇಲ್ಲಿಗೆ ಬಂದ ಮೇಲೆ ಅವಳಿಗೆ ಉಳಿದದ್ದು ಮನೆ, ಮಾರುಕಟ್ಟೆ ಮತ್ತು ಮಾಲೀಕರ ಮನೆಯ ಹಬ್ಬದೂಟಗಳು. ಆ ಊಟಗಳಲ್ಲಿ ಒಂದು ಮೂಲೆ ಹಿಡಿದು ಕೂತು, ಬಂದವರ ಮಕ್ಕಳಿಗೆ ಲೆಕ್ಕ ಕೇಳುತ್ತಿದ್ದಳು. ನಮ್ಮ ಭಾಗದ ಸರ್ಕಾರಿ ಶಾಲೆಗಳ ಮಂಡಳಿ ತನ್ನದೇ ಒಂದು ಟಿವಿ ಚಾನೆಲ್ ನಡೆಸುತ್ತಿತ್ತು. ಹಗಲು ತರಗತಿಗಳಿಗೆ, ಸಂಜೆ ಮನೆಯಲ್ಲಿರುವ ಮಕ್ಕಳಿಗೆ ಪಾಠ. ಒಬ್ಬ ಶಿಕ್ಷಕಿಗೆ ಐವತ್ತಕ್ಕೂ ಹೆಚ್ಚು ಮಕ್ಕಳಿರುತ್ತಿದ್ದ ಶಾಲೆಗಳು. ಅಂಥಲ್ಲಿ ಗೋಡೆಯ ಎತ್ತರದಲ್ಲಿ ಕಬ್ಬಿಣದ ಗೂಡಿನೊಳಗೆ ಬೀಗ ಹಾಕಿಟ್ಟ ಒಂದು ಟಿವಿಯೇ ಇನ್ನೊಬ್ಬ ಶಿಕ್ಷಕಿ. ಸಂಜೆಯ ಗಣಿತಕ್ಕೆ ಯಾರಾದರೂ ಬೇಕೆಂದು ಗೊತ್ತಾದಾಗ ಅಮ್ಮ ಯಾರನ್ನೂ ಕೇಳದೆ ಊರಿನ ಬಾಡಿಗೆ ವ್ಯಾನು ಮಟಾಟು ಹತ್ತಿ ಹೋಗಿ, ಕಪ್ಪುಹಲಗೆಯ ಮುಂದೆ ನಿಂತು ಒಂದು ಪಾಠ ಮಾಡಿ ತೋರಿಸಿ, ವಾಪಸು ಬಂದು ಅನ್ನಕ್ಕಿಟ್ಟಳು. ಊಟದ ಹೊತ್ತಿಗೆ ವಿಷಯ ಹೇಳಿದಳು. ಅಪ್ಪ "ಒಳ್ಳೇದೇ ಆಯ್ತು" ಎಂದ. ಅಜ್ಜಿ ಮಜ್ಜಿಗೆ ಕೇಳಿದಳು.

ಸ್ಟುಡಿಯೋ ಎಂದರೆ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಒಂದು ಪ್ರಾಥಮಿಕ ಶಾಲೆಯ ಹಿಂದೆ ಮರಗೆಲಸ ಕಲಿಸುತ್ತಿದ್ದ ಹಳೆಯ ಕೋಣೆ. ತಗಡಿನ ಸೂರು, ಕಿಟಕಿಗಳಿಗೆ ಕಂಬಳಿ, ಒಳಗೆ ಇನ್ನೂ ಮರದ ಹೊಟ್ಟಿನ ವಾಸನೆ. ನಾನು ಒಮ್ಮೆ ಹೋಗಿದ್ದೆ. ದೀಪಗಳ ಕಾವಿಗೆ ಅಮ್ಮನ ಕುಂಕುಮ ಮೂಗಿನವರೆಗೆ ಇಳಿದದ್ದು ನೆನಪಿದೆ. ನಡೆಸುತ್ತಿದ್ದವರು ವಾಂಜಿರು ಮೇಡಂ, ಹಿಂದೆ ತಾವೂ ಶಿಕ್ಷಕಿಯಾಗಿದ್ದವರು, ದಪ್ಪ ದನಿ, ದೊಡ್ಡ ನಗು. ಕ್ಯಾಮೆರಾ ಹಿಡಿಯುತ್ತಿದ್ದವರು ಓಟಿಯೆನೊ. ಟೇಪು ದುಬಾರಿಯಾದ್ದರಿಂದ ಸಂಜೆಯ ಪಾಠವನ್ನು ಮುದ್ರಿಸಿಡುತ್ತಿರಲಿಲ್ಲ. ಎಲ್ಲ ನೇರ ಪ್ರಸಾರ. ಒಮ್ಮೆ ಹೋದದ್ದು ಹೋದದ್ದೇ. ಪಾಠಕ್ಕೆ ಬೇಕಾದ ಸಾಮಾನು ಕೊಳ್ಳಲೂ ಅವರಲ್ಲಿ ಹಣವಿರಲಿಲ್ಲ. ಹೀಗಾಗಿ ನಮ್ಮ ಲಟ್ಟಣಿಗೆ, ಸೇರು, ಪಾವು, ಒಗ್ಗರಣೆ ಡಬ್ಬಿ ಎಲ್ಲ ಮಟಾಟು ಹತ್ತಿ ಹೋಗಿ, ಟಿವಿಯಲ್ಲಿ ಕಾಣಿಸಿಕೊಂಡು, ಕತ್ತಲಾಗುವಷ್ಟರಲ್ಲಿ ಮನೆಗೆ ಮರಳುತ್ತಿದ್ದವು. ನಮ್ಮ ಎಸ್ಟೇಟಿನ, ಎಂದರೆ ಆ ಫ್ಲ್ಯಾಟುಗಳ ವಠಾರದ, ಮಕ್ಕಳು ನಮ್ಮ ಮನೆಗೆ ಬಂದರೆ ಮೊದಲು ನೋಡಬೇಕೆನ್ನುತ್ತಿದ್ದದ್ದು ಇಡ್ಲಿ ತಟ್ಟೆಯನ್ನು. ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ. ನಾನು ಮ್ವಾಲಿಮುವಿನ ಮಗಳು, ಟೀಚರಮ್ಮನ ಮಗಳು, ಅಷ್ಟೇ.

ಇನ್ನೊಂದು ಪದ್ಧತಿಯಿತ್ತು. ತಗಡಿನ ಸೂರಿನ ಮೇಲೆ ವಿಮಾನ ಬಂದರೆ ಮಾತು ಕೇಳುತ್ತಿರಲಿಲ್ಲ. ಆಗ ಪಾಠ ಮಾಡುವವರು ಒಂದು ಬೆರಳೆತ್ತಿ ನಿಲ್ಲಬೇಕು, ಸದ್ದು ಹೋಗುವವರೆಗೆ ಬಾಯಿ ಬಿಡದೆ ಹಲಗೆಯ ಮೇಲೆ ಬರೆಯುವುದೋ ಕೈಯಲ್ಲಿ ಏನಾದರೂ ಮಾಡಿ ತೋರಿಸುವುದೋ ಮಾಡಬೇಕು. ಅಮ್ಮನಿಗೆ ಇದು ಎಷ್ಟು ರೂಢಿಯಾಯಿತೆಂದರೆ ಮನೆಯಲ್ಲೂ ಬೈಯುತ್ತಾ ಬೈಯುತ್ತಾ ಬೆರಳೆತ್ತಿ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದಳು. ನಮ್ಮ ಟಿವಿಗೆ ಮಾತ್ರ ಇದರಿಂದ ಪ್ರಯೋಜನವಿರಲಿಲ್ಲ. ವಿಮಾನ ಇಳಿಯುವಾಗ ನಮ್ಮ ಎಸ್ಟೇಟಿನ ಎಲ್ಲ ಮನೆಗಳಲ್ಲೂ ಚಿತ್ರ ಪಟ್ಟೆಪಟ್ಟೆಯಾಗಿ ಹರಿದು, ಅಮ್ಮ ಮಾಯವಾಗಿ, ಮತ್ತೆ ಬರುತ್ತಿದ್ದಳು. ಅಷ್ಟು ಹೊತ್ತು ಅಜ್ಜಿ ಮಂಚದಿಂದಿಳಿದು ಆಂಟೆನಾದ ಕೊಂಬು ತಿರುಗಿಸುತ್ತಿದ್ದಳು. ತಿರುಗಿಸಿದ್ದರಿಂದಲೇ ಸರಿಯಾಯಿತೆಂದು ಕೊನೆಯವರೆಗೂ ನಂಬಿದ್ದಳು.

ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸ್ವಾಹಿಲಿಯಲ್ಲಿ ತರಕಾರಿಯವಳಿಗೆ ಸರಿ ಎನ್ನಲು "ಸವಾ", ಉಪಕಾರವಾಯಿತು ಎನ್ನಲು "ಅಸಾಂಟೆ" ಬಿಟ್ಟರೆ ಬೇರೆ ಮಾತಿಲ್ಲ. ಆದರೂ ಒಂದು ಪಾಠವನ್ನೂ ಬಿಡುತ್ತಿರಲಿಲ್ಲ. ಐದು ಗಂಟೆಗೆ ಮುಖ ತೊಳೆದು, ಕಾಫಿ ಹಿಡಿದು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತಿದ್ದಳು. ನೋಡುತ್ತಾ ಬಾಯಿಗೆ ಬಿಡುವಿಲ್ಲ.

"ಸೀರೆ ನೆರಿಗೆ ನೋಡು, ಹ್ಯಾಗ್ ಕಟ್ಟಿದಾಳೆ. ಊರೆಲ್ಲ ನೋಡತ್ತೆ ಅಂತ ಗೊತ್ತಿಲ್ವಾ ಇವ್ಳಿಗೆ?"

"ಅಜ್ಜಿ, ಪಾಠ ಕೇಳಿಸ್ತಿಲ್ಲ."

"ನಿಂಗೆ ಮನೇಲೇ ಇದಾಳಲ್ಲ, ಆಮೇಲೆ ಕೇಳ್ಕೋ."

ಒಂದು ಸಂಜೆ ಪಾಠ ಮುಗಿಯುವ ಹೊತ್ತಿಗೆ ವಾಂಜಿರು ಮೇಡಂ ತಾವೇ ಕ್ಯಾಮೆರಾದ ಮುಂದೆ ಬಂದರು. ಅವರ ತೋಳುಗಳ ನಡುವೆ ಒಂದು ದೊಡ್ಡ ಕುಂಬಳಕಾಯಿ. ತಮ್ಮ ತಾಯಿಯ ಹೊಲದಲ್ಲಿ ಬೆಳೆದದ್ದೆಂದು ಹೇಳಿ, ಮುಂದಿನ ವಾರ ಮ್ವಾಲಿಮು ಇದನ್ನು ನಿಮ್ಮೆದುರಿಗೇ ಕತ್ತರಿಸಿ ಅರ್ಧ, ಕಾಲು, ಅರೆಕಾಲು ತೋರಿಸುತ್ತಾರೆ, ಎಲ್ಲರೂ ನೋಡಿ ಎಂದರು. ಭಾಗ ಮಾಡಿ ತೋರಿಸಲು ಅಮ್ಮ ಒಯ್ಯುತ್ತಿದ್ದ ಚಪಾತಿ ಕ್ಯಾಮೆರಾದಲ್ಲಿ ಸರಿಯಾಗಿ ಕಾಣುವುದಿಲ್ಲವೆಂದು ಅವರು ಹಿಂದೆಯೇ ಗೊಣಗಿದ್ದರು. ಅಮ್ಮ ಪಕ್ಕದಲ್ಲಿ ನಿಂತು ನಗುತ್ತಿದ್ದಳು. ಆ ನಗು ನನಗೆ ಗೊತ್ತಿತ್ತು, ಮಾಲೀಕರ ಮನೆಯ ಊಟದ ನಗು. ಅಜ್ಜಿಗೆ ಮಾತು ಅರ್ಥವಾಗಲಿಲ್ಲ, ಆದರೆ ಕುಂಬಳಕಾಯಿ ಕಂಡಿತು, ವಾಂಜಿರು ಮೇಡಂ ಅಂಗೈಯನ್ನು ಚಾಕುವಿನಂತೆ ಅದರ ಮೇಲೆ ಆಡಿಸಿದ್ದೂ ಕಂಡಿತು. ಅವಳು ಸೆರಗು ಎಳೆದು ಹೆಗಲ ಮೇಲೆ ಸರಿಮಾಡಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನನಗೆ ಆಗ ಗೊತ್ತಿರಲಿಲ್ಲ.

"ಯಾರು ಕೊಯ್ಯೋದಂತೆ?" ಎಂದಳು.

"ಅಮ್ಮ."

ಅಜ್ಜಿ ಟಿವಿ ಆರಿಸಿದಳು.

ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಕತ್ತಿ ಹಾಕುವುದಿಲ್ಲ. ಮೊದಲ ಏಟು ಗಂಡಸಿನದು. ಮನೆಯಲ್ಲಿ ಗಂಡಸಿಲ್ಲದಿದ್ದರೆ ಪಕ್ಕದ ಮನೆಯವನನ್ನೋ, ದಾರಿಯಲ್ಲಿ ಹೋಗುವವನನ್ನೋ ಕರೆಯುತ್ತಾರೆ. ಅವನು ಒಂದು ಸಲ ಸೀಳಿ ಕೊಟ್ಟರೆ ಮಿಕ್ಕದ್ದನ್ನು ಹೆಂಗಸರು ಹೆಚ್ಚಿಕೊಳ್ಳುತ್ತಾರೆ. ಕುಂಬಳಕಾಯಿ ಮನೆಯ ಮಗನಿದ್ದ ಹಾಗೆ ಎನ್ನುತ್ತಾರೆ. ಇದನ್ನು ನಗುತ್ತಾ ಹೇಳುವ ಮನೆಗಳಿವೆ. ನಮ್ಮದರಲ್ಲಿ ನಗುವಂತಿರಲಿಲ್ಲ. ತುಮಕೂರಿನಲ್ಲಿ, ನನಗೆ ನಾಲ್ಕು ವರ್ಷವಿದ್ದಾಗ, ಅಮ್ಮ ತುಂಬು ಬಸುರಿ. ಒಂದು ಮಧ್ಯಾಹ್ನ ಹೇಳದೆ ಕೇಳದೆ ನೆಂಟರು ಬಂದರು. ಅಪ್ಪ ಕೆಲಸದಲ್ಲಿ, ಅಜ್ಜಿ ಯಾರದೋ ಮನೆಯ ನಾಮಕರಣದಲ್ಲಿ. ಮನೆಯಲ್ಲಿದ್ದ ತರಕಾರಿ ಒಂದು ಕುಂಬಳಕಾಯಿ ಮಾತ್ರ. ಅಮ್ಮ ಕೊಯ್ದು ಹುಳಿ ಮಾಡಿದಳು. ನಾನೂ ಉಂಡೆ. ಮುಂದಿನ ತಿಂಗಳು ತಮ್ಮ ಹುಟ್ಟಿದ, ಎರಡನೆಯ ದಿನಕ್ಕೆ ಹೋದ. ಅವನಿಗೆ ಹೆಸರಿಡುವಷ್ಟೂ ಸಮಯ ಸಿಗಲಿಲ್ಲ. ಕೆಲವು ದಿನ ಕಳೆದ ಮೇಲೆ ಮಾತಾಡಿಸಲು ಬಂದ ಒಬ್ಬಾಕೆಗೆ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಹೇಳಿದಳು, ಒಳಗೆ ಅಮ್ಮ ಇದ್ದಾಳೆಂದು ತಿಳಿದೂ:

"ಇಡೀ ಕಾಯಿಗೆ ಒಬ್ಳೇ ಕತ್ತಿ ಹಾಕಿದ್ಲು. ಇನ್ನೇನಾಗತ್ತೆ."

ಅಷ್ಟೇ. ಮತ್ತೆ ಎಂದೂ ಆ ಮಾತು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ನೈರೋಬಿಗೆ ಬಂದ ಮೇಲೆ ನಮ್ಮ ಮನೆಗೆ ಕುಂಬಳಕಾಯಿ ಬರಲೇ ಇಲ್ಲ. ಮಾರುಕಟ್ಟೆಯಲ್ಲಿ ಅದರ ರಾಶಿ ಕಂಡರೆ ಅಮ್ಮ ನನ್ನ ಕೈ ಹಿಡಿದು ಟೊಮೆಟೊ ಕಡೆಗೆ ತಿರುಗುತ್ತಿದ್ದಳು. ಅಮ್ಮ ಗಣಿತದವಳು, ಅಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಅಪ್ಪ ತಿಳಿದಿದ್ದ. ನಂಬದೆ ಇರುವುದಕ್ಕೂ ಒಂದು ಶಕ್ತಿ ಬೇಕು, ಮಗು ಹೋದ ಮನೆಯಲ್ಲಿ ಅದು ಎಲ್ಲಿಂದ ಬರಬೇಕು?

ಆ ವಾರ ಮನೆ ಬಿಗಿದುಕೊಂಡಿತು. ಅಜ್ಜಿ ಸಂಜೆ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಸದ್ದು ಕಡಿಮೆ ಮಾಡಿ ಒಬ್ಬಳೇ ಪಾಠ ನೋಡಿದೆ. ಅಪ್ಪನದು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು. ಅವನು ಕೆಟ್ಟ ಯಂತ್ರಕ್ಕೆ ಏನಾದರೊಂದು ತುಂಡು ಸಿಕ್ಕಿಸಿ ನಡೆಯುವಂತೆ ಮಾಡುವುದರಲ್ಲಿ ನಿಪುಣ. ಇಲ್ಲೂ ಹಾಗೆಯೇ ಒಂದು ತುಂಡು ಹುಡುಕಿದ. ಅಮ್ಮ ಬಟ್ಟೆ ಮಡಿಸುತ್ತಿದ್ದಾಗ ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ಕೇಳಿಸಿತು.

"ಓಟಿಯೆನೊ ಇದಾನಲ್ಲ, ಮೊದಲ್ನೇ ಏಟು ಅವನ ಕೈಲಿ ಹಾಕ್ಸು. ಪಾಠಾನೂ ನಡಿಯತ್ತೆ, ಅಮ್ಮಂಗೂ ಸಮಾಧಾನ."

"ಮಕ್ಕಳಿಗೆ ಏನಂತ ಹೇಳ್ಲಿ? ಟೀಚರ್‌ಗೆ ಕೊಯ್ಯಕ್ಕೆ ಬರಲ್ಲ ಅಂತಾನಾ?"

"ತಮಾಷೆ ಥರ ಮಾಡೇ. ಅಲ್ಲಿ ಯಾರಿಗೆ ಗೊತ್ತಾಗತ್ತೆ ಯಾಕೆ ಅಂತ?"

"ನಂಗೆ ಗೊತ್ತಾಗತ್ತಲ್ಲ."

ಅಪ್ಪ ಬೇಡದಿದ್ದರೂ ಒಂದು ಟವೆಲ್ ಮಡಿಸಿ ಕೊಟ್ಟು ಹೋದ. ಕಲ್ಲಂಗಡಿ ಒಯ್ಯಬಹುದಲ್ಲ ಎಂದು ಮಾರನೆಯ ದಿನ ನಾನೂ ಸಲಹೆ ಕೊಟ್ಟೆ. ಅಮ್ಮ ನನ್ನ ಜಡೆ ಹೆಣೆಯುತ್ತಾ, ವಾಂಜಿರು ಮೇಡಂ ತಾಯಿಯ ಹೊಲದಿಂದ ತಲೆಯ ಮೇಲೆ ಹೊತ್ತು ತಂದದ್ದನ್ನು ಬೇಡ ಅನ್ನುವುದು ಹೇಗೆ ಎಂದಳು. ಜಡೆ ಆ ದಿನ ಬಹಳ ಬಿಗಿಯಾಗಿತ್ತು.

ಪಾಠದ ದಿನ ಐದಕ್ಕೆ ನಾನು ಟಿವಿ ಹಾಕಿದೆ. ಅಜ್ಜಿ ಗೋಡೆ ನೋಡುತ್ತಿದ್ದಳು. ಅಮ್ಮ ಹಸಿರು ಹತ್ತಿ ಸೀರೆ ಉಟ್ಟಿದ್ದಳು, ನೆರಿಗೆ ಎಂದಿಗಿಂತ ಅಚ್ಚುಕಟ್ಟಾಗಿತ್ತು. ಮೇಜಿನ ಮೇಲೆ ಕುಂಬಳಕಾಯಿ, ಪಕ್ಕದಲ್ಲಿ ನಮ್ಮ ಮನೆಯ ಚಾಕುವಲ್ಲ, ಬೇರೆ ಯಾರದೋ ದೊಡ್ಡ ಚಾಕು. ಅಮ್ಮ ಇಡಿಯದು ಎಂದರೆ ಒಂದು ಎಂದು ಹಲಗೆಯ ಮೇಲೆ ಬರೆದಳು. ಮಕ್ಕಳೇ, ಇದು ಒಂದು ಎಂದಳು. ಮತ್ತೆ ಕುಂಬಳಕಾಯಿಯ ಮೇಲೆ ಅಂಗೈಯಿಟ್ಟು, ಇದು ಒಂದು ಎಂದು ಇನ್ನೊಮ್ಮೆ ಹೇಳಿದಳು. ಹೇಳಿದ್ದನ್ನೇ ಹೇಳುವುದು ಅವಳ ಪದ್ಧತಿಯಲ್ಲ. ತಿರುಗಿ ನೋಡಿದರೆ ಅಜ್ಜಿ ಎದ್ದು ಕೂತಿದ್ದಳು. ಯಾವಾಗ ಎದ್ದಳೋ ಗೊತ್ತಿಲ್ಲ. ಅಮ್ಮ ಚಾಕು ಎತ್ತಿಕೊಂಡಳು. ಆಗ ದೂರದಲ್ಲಿ ಗುಂಯ್ ಎಂಬ ಸದ್ದು ಶುರುವಾಯಿತು. ಟಿವಿಯೊಳಗೆ ಅಮ್ಮ ಎಡಗೈಯ ಬೆರಳೆತ್ತಿದಳು. ವಿಮಾನ ನಮ್ಮ ಸೂರಿನ ಮೇಲೆ ಬಂತು, ಚಿತ್ರ ಹರಿಯಿತು, ಪಟ್ಟೆಗಳ ಹಿಂದೆ ಹಸಿರು ಬಣ್ಣವೊಂದು ಬಾಗಿದಂತೆ ಕಂಡಿತು, ಅದೂ ಹೋಯಿತು. ಅಜ್ಜಿ ಆಂಟೆನಾ ಮುಟ್ಟಲು ಏಳಲಿಲ್ಲ. ಚಿತ್ರ ಮರಳಿದಾಗ ಕುಂಬಳಕಾಯಿ ಎರಡು ಹೋಳಾಗಿ, ಬೀಜ ಕಾಣುತ್ತಾ ಮೇಜಿನ ಮೇಲಿತ್ತು. ಚಾಕು ಅಮ್ಮನ ಕೈಯಲ್ಲಿತ್ತು. ಈಗ ಪ್ರತಿಯೊಂದೂ ಅರ್ಧ ಎಂದು ಅವಳು ಮಕ್ಕಳಿಗೆ ಹೇಳುತ್ತಿದ್ದಳು. ದನಿ ಸಲೀಸಾಗಿತ್ತು.

"ಯಾರು ಕೊಯ್ದಿದ್ದು? ನೀನು ನೋಡ್ದ್ಯಾ?" ಅಜ್ಜಿ ಕೇಳಿದಳು.

"ಕಾಣಿಸ್ಲಿಲ್ಲ ಅಜ್ಜಿ."

ನಿಜವಾಗಿಯೂ ಕಾಣಿಸಿರಲಿಲ್ಲ. ವಿಮಾನದ ಸದ್ದಿನಲ್ಲಿ ಓಟಿಯೆನೊ ಬಂದು ಒಂದು ಏಟು ಹಾಕಿ ಹೋಗುವಷ್ಟು ಹೊತ್ತಿತ್ತು. ಟೇಪಿಲ್ಲ, ಸಾಕ್ಷಿಯಿಲ್ಲ. ಅಮ್ಮ ಏನು ಹೇಳಿದರೆ ಅದೇ ನಡೆದದ್ದು. ಅವನೇ ಕೊಯ್ದ ಎಂದುಬಿಡಲಿ ದೇವರೇ ಎಂದು ನಾನು ಬೇಡಿಕೊಂಡೆ. ನನಗೆ ಮನೆ ಮೊದಲಿನ ಹಾಗಾದರೆ ಸಾಕಿತ್ತು.

ಪದ್ಧತಿಯಂತೆ ಅಮ್ಮ ಪಾಠವನ್ನು ಮನೆಗೆ ತಂದಳು. ಅರ್ಧ ಕುಂಬಳಕಾಯಿ ಸ್ಟುಡಿಯೋದವರಿಗೆ, ಅರ್ಧ ನಮಗೆ. ಬಂದವಳೇ ಸೀರೆ ಬದಲಿಸಿ ಹುಳಿಗಿಟ್ಟಳು. ಎಷ್ಟೋ ವರ್ಷಗಳ ಮೇಲೆ ಆ ವಾಸನೆ ನಮ್ಮ ಮನೆಯಲ್ಲಿ ಎದ್ದಿತು. ನನಗೆ ನೆನಪೇ ಇಲ್ಲವೆಂದುಕೊಂಡಿದ್ದೆ, ಮೂಗಿಗೆ ನೆನಪಿತ್ತು. ಅಪ್ಪ ಬಂದ. ಅಂದು ಏನು ಲೆಕ್ಕ ಎಂದು ಕೇಳಲಿಲ್ಲ. ನಾವು ಮೂವರೂ ಮೇಜಿಗೆ ಕೂತೆವು, ಅಮ್ಮ ಎಂದಿನಂತೆ ನಿಂತು ಬಡಿಸಿದಳು. ಅವಳು ಕೂರುತ್ತಿದ್ದದ್ದು ನಾವೆಲ್ಲ ಎದ್ದ ಮೇಲೆ. ಅಜ್ಜಿಯ ಅನ್ನದ ಮೇಲೆ ಹುಳಿ ಬಿತ್ತು. ಅಜ್ಜಿ ಕೈ ಹಾಕಲಿಲ್ಲ.

"ಯಾರು ಕೊಯ್ದಿದ್ದು?"

ಅಪ್ಪ ತಲೆ ಎತ್ತಿ ಅಮ್ಮನನ್ನು ನೋಡಿದ. ಆ ನೋಟದಲ್ಲಿ ಓಟಿಯೆನೊ ಎಂಬ ಹೆಸರು ಬರೆದಿಟ್ಟ ಹಾಗಿತ್ತು, ಅಮ್ಮ ಓದಿದರೆ ಸಾಕಿತ್ತು.

"ನಾನೇ," ಎಂದಳು ಅಮ್ಮ.

ನಾನು ಈಗ ನೈರೋಬಿಯ ಅಪ್ಪರ್ ಹಿಲ್‌ನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಗಾಜಿನ ಕೋಣೆಗಳಲ್ಲಿ ಕೂತು, ಇದನ್ನು ಯಾರು ಮಾಡಿದ್ದು ಎಂಬ ಪ್ರಶ್ನೆ ಮೇಜನ್ನೆಲ್ಲ ಸುತ್ತಿಕೊಂಡು ಬರುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ನನ್ನ ಬಳಿಗೆ ಬಂದಾಗ, ಮಾಡಿದ್ದು ನಾನಾಗಿದ್ದರೆ, ನಾನೇ ಎನ್ನುತ್ತೇನೆ. ಇದು ಒಳ್ಳೆಯತನವಲ್ಲ. ಆ ಅಡುಗೆಮನೆಯ ವಾಸನೆಯೊಂದಿಗೆ ಅಂಟಿಕೊಂಡ ಅಭ್ಯಾಸ.

ಅಜ್ಜಿ ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ಅನ್ನ ಕಲಸಿದಳು. ಒಂದು ತುತ್ತು ತಿಂದಳು. ಕುಂಬಳಕಾಯಿಯ ಹೋಳೊಂದನ್ನು ಬೆರಳಲ್ಲಿ ಒತ್ತಿ ಬೆಂದಿದೆಯೇ ನೋಡಿದಳು. ಮಾತಾಡಿದ್ದು ಆಮೇಲೆ, ಯಾರ ಮುಖವನ್ನೂ ನೋಡದೆ.

"ನಾನೂ ಕೊಯ್ದಿದೀನಿ. ನಿಮ್ಮ ಮಾವ ಸಂತೆಗೆ ಹೋದ್ರೆ ಮಾರನೇ ದಿನ ಬರೋರು. ಯಾರನ್ನ ಕಾಯೋದು? ಬಾಗಿಲು ಹಾಕ್ಕೊಂಡು ಕೊಯ್ತಿದ್ದೆ." ಎಡಗೈಯಲ್ಲಿ ಅಪ್ಪನನ್ನು ತೋರಿಸಿದಳು. "ಇವನು ಹೊಟ್ಟೇಲಿದ್ದಾಗ್ಲೂ."

ಅಪ್ಪ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂತ. ಸೂರಿನ ಮೇಲೆ ವಿಮಾನ ಬಂತು. ಅಮ್ಮ ಬೆರಳೆತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ವಿಮಾನ ದಾಟಿ ಹೋಯಿತು. ನನಗೆ ಅಜ್ಜಿಯ ಮೇಲೆ ಬಂದ ಸಿಟ್ಟು ಹೇಳತೀರದು. ಅಮ್ಮ ಇಷ್ಟು ವರ್ಷ ಟೊಮೆಟೊ ಕಡೆಗೆ ತಿರುಗಿದ್ದೆಲ್ಲ ನನ್ನ ಕೈಯ ನೆನಪಿಗೆ ಬಂತು. ಆ ಸಿಟ್ಟು ಅಜ್ಜಿ ಹೋಗುವವರೆಗೂ ಪೂರ್ತಿ ಇಳಿಯಲಿಲ್ಲ, ಪ್ರೀತಿ ಕಡಿಮೆಯಾಗದಿದ್ದರೂ.

"ಅವತ್ತೇ ಹೇಳ್ಬಹುದಿತ್ತಲ್ಲ, ಅತ್ತೆ," ಎಂದಳು ಅಮ್ಮ.

"ಹೇಳ್ಬಹುದಿತ್ತು."

ಅಮ್ಮ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಶೆಲ್ಫಿನಿಂದ ತನ್ನ ತಟ್ಟೆ ತಂದು, ನನ್ನ ಪಕ್ಕದ ಕುರ್ಚಿ ಎಳೆದು, ನಾವಿನ್ನೂ ಉಣ್ಣುತ್ತಿರುವಾಗಲೇ ಕೂತಳು. ತಟ್ಟೆಯನ್ನು ಅಜ್ಜಿಯ ಕಡೆಗೆ ಸರಿಸಿದಳು.

"ಬಡ್ಸಿ."

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು. ಎಂಜಲು ಕೈ ತೊಳೆದು ಬಂದು, ಸೊಸೆಗೆ ಮೊದಲು ಅನ್ನ ಹಾಕಿದಳು, ಆಮೇಲೆ ಹುಳಿ.